ಮೇಲಿನಿಂದ ನೋಡುವವನ ಹೊಣೆ

ಕಟ್ಟಡದ ಕೆಲಸದಲ್ಲಿ ಮೇಲ್ವಿಚಾರಣೆ ಹೊಸ ಸಂಗತಿಯೇನಲ್ಲ. ಕಲ್ಲು ಇಡುವವನು ಇದ್ದಲ್ಲೆಲ್ಲ ಆ ಕಲ್ಲು ನೆಟ್ಟಗಿದೆಯೇ ಎಂದು ನೋಡುವವನೂ ಇದ್ದಾನೆ. ತೂಗುಗುಂಡು ಇಳಿಬಿಟ್ಟು ಗೋಡೆಯ ನೇರ ನೋಡುವ ಮೇಸ್ತ್ರಿ, ರಸಮಟ್ಟ ಇಟ್ಟು ನೆಲದ ಮಟ್ಟ ನೋಡುವ ಗಾರೆಯವನು, ಟೇಪು ಎಳೆದು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುವ ಇಂಜಿನಿಯರ್ ನಮಗೆಲ್ಲ ಪರಿಚಿತರೇ. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿಗೆ ಒಬ್ಬ ಹೊಸಬ ಸೇರಿಕೊಂಡಿದ್ದಾನೆ. ಆತ ನೆಲದಲ್ಲಿ ನಿಲ್ಲುವುದಿಲ್ಲ, ಯಾರೊಂದಿಗೂ ಮಾತನಾಡುವುದಿಲ್ಲ, ಚಹಾದ ಹೊತ್ತಿಗೆ ಬಂದು ಕುಳಿತುಕೊಳ್ಳುವುದಿಲ್ಲ. ಗುಂಯ್‌ಗುಡುತ್ತಾ ಬರುತ್ತಾನೆ, ತಲೆಯ ಮೇಲೆ ಸುತ್ತು ಹಾಕುತ್ತಾನೆ, ಎಲ್ಲವನ್ನೂ ನೋಡಿಕೊಂಡು ಹೋಗುತ್ತಾನೆ. ಮದುವೆ ಮನೆಯ ವೀಡಿಯೋ ಮೂಲಕ ನಮಗೆ ಪರಿಚಯವಾದ ಡ್ರೋನ್ ಇಂದು ರಸ್ತೆ, ಸೇತುವೆ, ಬಹುಮಹಡಿ ಕಟ್ಟಡ, ಕಲ್ಲುಕೋರೆಗಳ ಮೇಲ್ವಿಚಾರಕನಾಗಿ ಬೆಳೆದಿದೆ.

ಈ ಯಂತ್ರ ಮಾಡುವ ಕೆಲಸವನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಕಂಡದ್ದನ್ನು ಚಿತ್ರೀಕರಿಸುವುದಷ್ಟೇ ಅದರ ಕೆಲಸವಲ್ಲ. ಮೊದಲೇ ಗೊತ್ತುಪಡಿಸಿದ ಸಾಲುಗಳಲ್ಲಿ, ಗದ್ದೆ ಉಳುವವನು ಹೋಗಿ ಬರುವಂತೆ, ಅದು ಸೈಟಿನ ಮೇಲೆ ಹಾರುತ್ತದೆ. ತೆಗೆಯುವ ಪ್ರತಿಯೊಂದು ಚಿತ್ರದಲ್ಲೂ ಹಿಂದಿನ ಚಿತ್ರದ ಬಹುಭಾಗ ಮತ್ತೆ ಸೇರುವಂತೆ ನೋಡಿಕೊಳ್ಳುತ್ತದೆ. ಒಂದೇ ಬಿಂದು ಹಲವು ಕೋನಗಳಿಂದ ಕಾಣುವುದರಿಂದ ಕಂಪ್ಯೂಟರ್ ಆ ಬಿಂದುವಿನ ಎತ್ತರವನ್ನು ಲೆಕ್ಕ ಹಾಕಬಲ್ಲದು. ಹೀಗೆ ನೂರಾರು ಚಿತ್ರಗಳು ಸೇರಿ ಇಡೀ ಸೈಟಿನ ಮೂರು ಆಯಾಮದ ನಕ್ಷೆ ಸಿದ್ಧವಾಗುತ್ತದೆ. ನೆಲದ ಮೇಲೆ ಸರಿಯಾದ ಗುರುತುಗಳನ್ನು ಇಟ್ಟಿದ್ದರೆ ವ್ಯತ್ಯಾಸ ಕೆಲವೇ ಸೆಂಟಿಮೀಟರ್. ಮಣ್ಣಿನ ರಾಶಿಯಲ್ಲಿ ಎಷ್ಟು ಘನ ಮೀಟರ್ ಮಣ್ಣಿದೆ, ಕಳೆದ ವಾರಕ್ಕಿಂತ ಎಷ್ಟು ಕಡಿಮೆಯಾಗಿದೆ, ಎಷ್ಟು ಕಂಬಗಳು ಮೇಲೆದ್ದಿವೆ, ನಕ್ಷೆಗೂ ಕಟ್ಟಿದ್ದಕ್ಕೂ ಎಲ್ಲಿ ಅಂತರವಿದೆ ಎಂಬುದೆಲ್ಲ ಕಚೇರಿಯಲ್ಲಿ ಕುಳಿತವನ ಪರದೆಯ ಮೇಲೆ ಕಾಣಿಸುತ್ತದೆ. ಹಿಂದೆ ನಾಲ್ಕಾರು ಮಂದಿ ಬಿಸಿಲಿನಲ್ಲಿ ದಿನಗಟ್ಟಲೆ ಗೂಟ ಹೊಡೆದು ಮಾಡುತ್ತಿದ್ದ ಅಳತೆ ಈಗ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ.

ಭಾರತದಲ್ಲಿ ಇದು ಬೆಳೆದ ವೇಗವೂ ಗಮನಾರ್ಹ. 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಖಾಸಗಿಯವರು ಡ್ರೋನ್ ಹಾರಿಸಬಾರದೆಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿತ್ತು. ಏಳು ವರ್ಷ ಕಳೆಯುವಷ್ಟರಲ್ಲಿ ಚಿತ್ರ ತಲೆಕೆಳಗಾಯಿತು. 2021ರ ಜೂನ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ತನ್ನ ಎಲ್ಲಾ ಯೋಜನೆಗಳಲ್ಲಿ ತಿಂಗಳಿಗೊಮ್ಮೆ ಡ್ರೋನ್ ವೀಡಿಯೋ ಚಿತ್ರೀಕರಣವನ್ನು ಕಡ್ಡಾಯ ಮಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ಪರವಾನಗಿಯ ದಾರಿಯನ್ನು ಬಹಳ ಸರಳಗೊಳಿಸಿದವು. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿ, ಹಸಿರು ವಲಯದಲ್ಲಿ ನೆಲದಿಂದ 400 ಅಡಿಯ ತನಕ ಹಾರಿಸಲು ಪ್ರತ್ಯೇಕ ಅನುಮತಿ ಬೇಡ ಎಂದವು. ಹತ್ತನೇ ತರಗತಿ ಪಾಸಾದ, ಹದಿನೆಂಟು ತುಂಬಿದ ಯುವಕ ಯುವತಿಯರು ತರಬೇತಿ ಪಡೆದು ಪೈಲಟ್ ಪ್ರಮಾಣಪತ್ರ ಗಳಿಸುವ ದಾರಿಯೂ ತೆರೆಯಿತು. ಇದೊಂದು ಹೊಸ ಜೀವನೋಪಾಯ. ನಮ್ಮ ಊರುಗಳ ಹುಡುಗರೂ ಇದರತ್ತ ನೋಡುತ್ತಿದ್ದಾರೆ ಎಂಬುದು ಸಂತೋಷದ ವಿಚಾರವೇ.

ಇದರಲ್ಲಿರುವ ಒಳಿತನ್ನು ಕಾಣದೆ ಮಾತನಾಡುವುದು ನ್ಯಾಯವಲ್ಲ. ಸರಕಾರಿ ಕಾಮಗಾರಿಗಳಲ್ಲಿ ಹಾಕದ ಮಣ್ಣಿಗೆ ಬಿಲ್ಲು, ಅಗೆಯದ ಚರಂಡಿಗೆ ಹಣ ಎಂಬ ಮಾತು ನಮ್ಮಲ್ಲಿ ಹಳೆಯದು. ಅಳತೆ ಪುಸ್ತಕದಲ್ಲಿ ಸುಳ್ಳು ಬರೆಯುವ ಕೈಗೆ ಈ ಯಂತ್ರದ ಭಯವಿರುವುದು ಒಳ್ಳೆಯದೇ. ಎತ್ತರದ ಗೋಪುರಕ್ಕೋ ಸೇತುವೆಯ ಅಡಿಗೋ ಜೀವ ಕೈಯಲ್ಲಿ ಹಿಡಿದು ಹತ್ತಿ ಇಳಿಯುವ ಪರೀಕ್ಷಕನ ಬದಲಿಗೆ ಒಂದು ಕ್ಯಾಮೆರಾ ಹೋಗಿ ಬಂದರೆ ಅದೂ ಒಳ್ಳೆಯದೇ. ಆದ್ದರಿಂದ ಡ್ರೋನ್ ಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ನಮ್ಮ ಪ್ರಶ್ನೆ ಬೇರೆ: ಎತ್ತರದಲ್ಲಿ ನಿಂತು ಇನ್ನೊಬ್ಬರನ್ನು ನೋಡುವ ಹಕ್ಕು ಯಾರಿಗೆ, ಎಷ್ಟರ ಮಟ್ಟಿಗೆ ಇದೆ? ಮತ್ತು ನೋಡಿದ ಮೇಲೆ ಆತನ ಹೊಣೆ ಏನು?

ಮೇಸ್ತ್ರಿಯೂ ನೋಡುತ್ತಾನೆ, ಡ್ರೋನೂ ನೋಡುತ್ತದೆ, ವ್ಯತ್ಯಾಸವೇನು ಎಂದು ಕೇಳಬಹುದು. ಮೇಸ್ತ್ರಿ ಕೆಲಸಗಾರನನ್ನು ನೋಡುವಾಗ ಕೆಲಸಗಾರನೂ ಮೇಸ್ತ್ರಿಯನ್ನು ನೋಡುತ್ತಾನೆ. ಇಬ್ಬರೂ ಒಂದೇ ಧೂಳು ಕುಡಿಯುತ್ತಾರೆ. 'ಯಾಕೆ ಕುಳಿತಿದ್ದೀಯ?' ಎಂದು ಮೇಸ್ತ್ರಿ ಗದರಿದರೆ, 'ನಿನ್ನೆಯಿಂದ ಜ್ವರ ಅಣ್ಣಾ' ಎಂದು ಹೇಳಲು ಆತನಿಗೆ ಅವಕಾಶವಿದೆ. ಡ್ರೋನಿನ ಚಿತ್ರದಲ್ಲಿ ಕುಳಿತ ಮನುಷ್ಯ ಕಾಣುತ್ತಾನೆ, ಜ್ವರ ಕಾಣುವುದಿಲ್ಲ. ಆ ಚಿತ್ರವನ್ನು ನೂರಾರು ಮೈಲು ದೂರದಲ್ಲಿ ಕುಳಿತು ನೋಡುವವನಿಗೆ ಉತ್ತರ ಹೇಳುವ ದಾರಿಯೂ ಇಲ್ಲ. ಯಾರು ನೋಡುತ್ತಿದ್ದಾರೆ, ಯಾಕೆ ನೋಡುತ್ತಿದ್ದಾರೆ, ನೋಡಿದ್ದನ್ನು ಏನು ಮಾಡುತ್ತಾರೆ ಎಂಬುದೂ ಗೊತ್ತಿಲ್ಲ. ಮುಖಾಮುಖಿ ಇದ್ದಲ್ಲಿ ಮೇಲ್ವಿಚಾರಣೆ ಒಂದು ಸಂಬಂಧ. ಮುಖಾಮುಖಿ ತಪ್ಪಿದಾಗ ಅದು ಬರೀ ಕಾವಲು.

ಈ ಆಸೆ ಇಂದಿನದ್ದಲ್ಲ. ಕಾಣದ ಕಣ್ಣೊಂದು ಎಲ್ಲರನ್ನೂ ನೋಡುವ ಕಟ್ಟಡದ ಕಲ್ಪನೆಗೆ ಇಂಗ್ಲಿಷ್ ತತ್ವಜ್ಞಾನಿ ಜೆರೆಮಿ ಬೆಂಥಾಮ್‌ನ ಹೆಸರು ಅಂಟಿಕೊಂಡಿದೆ. ಪನಾಪ್ಟಿಕಾನ್ ಎಂಬ ಅವನ ಜೈಲಿನ ಯೋಜನೆ 1791ರಲ್ಲಿ ಪುಸ್ತಕವಾಗಿ ಬಂತು. ಆದರೆ ಅದರ ಮೂಲ ಜೈಲಲ್ಲ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಅವನ ತಮ್ಮ, ಇಂಜಿನಿಯರ್ ಸ್ಯಾಮುವೆಲ್ ಬೆಂಥಾಮ್, 1780ರ ದಶಕದಲ್ಲಿ ರಷ್ಯಾದ ರಾಜಕುಮಾರ ಪೊಟೆಮ್ಕಿನ್‌ನ ಜಮೀನಿನಲ್ಲಿ, ಇಂದಿನ ಬೆಲಾರುಸ್ ದೇಶದ ಕ್ರಿಚೇವ್ ಎಂಬಲ್ಲಿ, ಕಾರ್ಖಾನೆಗಳನ್ನು ನಡೆಸುತ್ತಿದ್ದ. ಅಲ್ಲಿನ ಕೆಲಸಗಾರರ ಮೇಲೆ ಕಣ್ಣಿಡಲು ಹೊಳೆದ ಉಪಾಯವೇ ನಡುವೆ ಮೇಲ್ವಿಚಾರಕ, ಸುತ್ತಲೂ ದುಡಿಯುವವರು ಎಂಬ ವೃತ್ತಾಕಾರದ ಕಟ್ಟಡ. ಅಣ್ಣ ಅದನ್ನು ಜೈಲಿಗೆ ಒಗ್ಗಿಸಿದ. ಅಂದರೆ ಕಾಣದ ಕಣ್ಣಿನ ಮೊದಲ ಗುರಿ ಕಳ್ಳನಲ್ಲ, ದುಡಿಯುವವನು. ದುಡಿಯುವವನನ್ನು ನೋಡಲು ಹುಟ್ಟಿದ ಉಪಾಯ ಅಷ್ಟು ಸುಲಭವಾಗಿ ಕೈದಿಯನ್ನು ನೋಡುವ ಉಪಾಯವಾಯಿತು ಎಂಬುದು ಯೋಚಿಸಬೇಕಾದ ವಿಷಯ.

ಇಸ್ಲಾಮೀ ಪರಂಪರೆಯು ನೋಟವನ್ನು ಹಗುರವಾಗಿ ಕಂಡಿಲ್ಲ. ಇನ್ನೊಬ್ಬರ ಗುಟ್ಟನ್ನು ಕೆದಕಬಾರದು ಎಂದು ಪವಿತ್ರ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದಲ್ಲಿ ವಿಶ್ವಾಸಿಗಳಿಗೆ ಆದೇಶಿಸುತ್ತದೆ. ಅನುಮತಿ ಕೇಳದೆ, ಸಲಾಮ್ ಹೇಳದೆ ಪರರ ಮನೆಗೆ ಹೋಗಬಾರದೆಂದು ಅನ್ನೂರ್ ಅಧ್ಯಾಯ ಕಲಿಸುತ್ತದೆ. ಪ್ರವಾದಿ ಮುಹಮ್ಮದ್(ಸ)ರ ಮನೆಯ ಕಿಂಡಿಯಿಂದ ಒಬ್ಬಾತ ಒಳಗೆ ಇಣುಕಿದ ಪ್ರಸಂಗ ಬುಖಾರಿ, ಮುಸ್ಲಿಮ್ ಎರಡೂ ಹದೀಸ್ ಗ್ರಂಥಗಳಲ್ಲಿದೆ. ಪ್ರವಾದಿವರ್ಯರು(ಸ) ಅದನ್ನು ಬಹಳ ಕಠಿಣವಾಗಿ ಖಂಡಿಸಿದರು ಮತ್ತು ಅನುಮತಿ ಕೇಳುವ ನಿಯಮ ಇರುವುದೇ ಕಣ್ಣಿನ ಕಾರಣಕ್ಕಾಗಿ ಎಂಬುದನ್ನು ತಿಳಿಸಿದರು. ಇದು ಬಹಳ ದೊಡ್ಡ ಮಾತು. ಕಾಲು ಹೊಸ್ತಿಲು ದಾಟಲಿಲ್ಲ, ಆದ್ದರಿಂದ ನಾನು ಒಳಗೆ ಹೋಗಿಲ್ಲ ಎಂದು ಇಣುಕುವವನು ಹೇಳುವಂತಿಲ್ಲ. ಕಣ್ಣು ಹೋದರೆ ಮನುಷ್ಯ ಹೋದಂತೆಯೇ. ಡ್ರೋನಿನ ಕಾಲದಲ್ಲಿ ಇದಕ್ಕಿಂತ ಸ್ಪಷ್ಟವಾದ ತತ್ವ ನಮಗೆ ಬೇರೆ ಬೇಕೇ?

ಹ. ಉಮರ್(ರ)ರ ಬಗ್ಗೆ ಇತಿಹಾಸ ಗ್ರಂಥಗಳು ಹೇಳುವ ಒಂದು ಘಟನೆಯೂ ಇಲ್ಲಿ ನೆನಪಾಗುತ್ತದೆ. ರಾತ್ರಿ ಗಸ್ತು ಹೊರಟ ಖಲೀಫರು ಒಂದು ಮನೆಯಿಂದ ಬಂದ ಸದ್ದು ಕೇಳಿ ಗೋಡೆ ಹತ್ತಿ ಒಳಗಿಳಿದರು. ಒಳಗೆ ಮದ್ಯ ಕುಡಿಯುತ್ತಿದ್ದವನು ಸಿಕ್ಕಿಬಿದ್ದ. ಆತ ಹೆದರಲಿಲ್ಲ. ನಾನು ಒಂದು ತಪ್ಪು ಮಾಡಿದ್ದರೆ ತಾವು ಮೂರು ತಪ್ಪು ಮಾಡಿದ್ದೀರಿ, ಗುಟ್ಟು ಕೆದಕಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಅನುಮತಿಯಿಲ್ಲದೆ ಬಂದಿರಿ ಎಂದ. ಖಲೀಫರು ಆ ಮಾತನ್ನು ಒಪ್ಪಿ ಹಿಂದಿರುಗಿದರು. ಅಂದರೆ ಕಂಡ ತಪ್ಪು ನಿಜವಾಗಿದ್ದರೂ ಕಂಡ ರೀತಿ ಸರಿಯಿರಬೇಕು. ಅಧಿಕಾರ ಹೆಚ್ಚಿದಷ್ಟೂ ಈ ಶಿಸ್ತು ಹೆಚ್ಚಬೇಕು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಉದಾಹರಣೆಯೊಂದು ಮಧ್ಯಯುಗದ ಈಜಿಪ್ಟಿನಿಂದ ಬಂದಿದೆ. ಪೇಟೆಯ ತೂಕ, ಅಳತೆ, ಕಸುಬುಗಳ ಮೇಲೆ ಕಣ್ಣಿಡುತ್ತಿದ್ದ ಮುಹ್ತಸಿಬ್ ಎಂಬ ಅಧಿಕಾರಿಗಾಗಿ ಇಬ್ನುಲ್ ಉಖುವ್ವಾ ಎಂಬ ವಿದ್ವಾಂಸರು ಒಂದು ಕೈಪಿಡಿ ಬರೆದಿದ್ದರು. ಅದರಲ್ಲಿ ಮುಅದ್ದಿನ್‌ಗಳ ಬಗ್ಗೆ ಒಂದು ನಿಯಮವಿದೆ. ಅದಾನ್ ಕೊಡಲು ಮಿನಾರ ಹತ್ತುವವನಿಗೆ ಊರಿನ ಮನೆಗಳ ಅಂಗಳ, ಮಾಳಿಗೆಗಳೆಲ್ಲ ಕಾಣುತ್ತವೆ. ಆದ್ದರಿಂದ ತಾನು ಯಾರ ಮನೆಯೊಳಕ್ಕೂ ಕಣ್ಣು ಹಾಯಿಸುವುದಿಲ್ಲ ಎಂದು ಆತನಿಂದ ಮೊದಲೇ ಪ್ರಮಾಣ ಮಾಡಿಸಬೇಕು. ಗಮನಿಸಿ, ಆತ ಹತ್ತುತ್ತಿರುವುದು ಕೆಟ್ಟ ಕೆಲಸಕ್ಕಲ್ಲ, ಆರಾಧನೆಯ ಕರೆ ಕೊಡಲು. ಆದರೂ ಎತ್ತರ ಎಂಬುದೇ ಒಂದು ಅಧಿಕಾರ. ಕೆಲಸ ಎಷ್ಟೇ ಒಳ್ಳೆಯದಿರಲಿ, ಎತ್ತರಕ್ಕೆ ಹೋಗುವವನು ಕೆಳಗಿರುವವರಿಗೆ ಒಂದು ವಚನ ಕೊಟ್ಟೇ ಹೋಗಬೇಕು. ಇಂದು 400 ಅಡಿಗೆ ಹಾರುವವನು ಯಾವ ವಚನ ಕೊಟ್ಟು ಹಾರುತ್ತಿದ್ದಾನೆ? ನಿಯಮಗಳು ಆತನಿಂದ ಯಂತ್ರದ ನೋಂದಣಿ ಸಂಖ್ಯೆ ಕೇಳುತ್ತವೆ, ವಿಮಾನಗಳ ದಾರಿಗೆ ಅಡ್ಡ ಬರಬೇಡ ಎನ್ನುತ್ತವೆ. ಅವು ಬೇಕಾದ ನಿಯಮಗಳೇ. ಆದರೆ ಅವುಗಳ ಮುಖ್ಯ ಕಾಳಜಿ ಆಕಾಶದ ಸುರಕ್ಷತೆ. ಕೆಳಗಿರುವವರ ಮಾನದ ಪ್ರಶ್ನೆ ಬಹುಮಟ್ಟಿಗೆ ಹಾರಿಸುವವನ ಮನಸ್ಸಾಕ್ಷಿಗೇ ಉಳಿದಿದೆ.

ಮಾನದ ಪ್ರಶ್ನೆ ಇಲ್ಲಿ ಎಲ್ಲಿಂದ ಬಂತು, ನೋಡುತ್ತಿರುವುದು ಸಿಮೆಂಟು ಕಬ್ಬಿಣವನ್ನಲ್ಲವೇ ಎಂದು ಕೆಲವರು ಹೇಳಬಹುದು. ಅಂಥವರು ಯಾವುದಾದರೂ ದೊಡ್ಡ ಕಾಮಗಾರಿಯ ಅಂಚಿಗೆ ಹೋಗಿ ನೋಡಬೇಕು. ಬಿಹಾರ, ಒಡಿಶಾ, ಪಶ್ಚಿಮ ಬಂಗಾಳಗಳಿಂದಲೂ ನಮ್ಮದೇ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದಲೂ ಬಂದ ಕುಟುಂಬಗಳು ಅಲ್ಲಿ ತಗಡಿನ ಶೆಡ್ಡುಗಳಲ್ಲಿ ವಾಸಿಸುತ್ತವೆ. ಕಾಮಗಾರಿಯ ಜಾಗವೇ ಅವರ ಊರು. ಅಲ್ಲಿ ಹೆಂಗಸರು ಸ್ನಾನ ಮಾಡುವ ಜಾಗ ಹೇಗಿರುತ್ತದೆ? ನಾಲ್ಕು ಗೂಟ, ಸುತ್ತಲೂ ಟಾರ್ಪಾಲು ಅಥವಾ ಹಳೆಯ ಸೀರೆ. ಮೇಲೆ ಮಾಡು ಇರುವುದಿಲ್ಲ. ಸಾವಿರಾರು ವರ್ಷಗಳಿಂದ ಬಡವರ ಮಾನಕ್ಕೆ ನಾಲ್ಕು ಬದಿಯ ಮರೆ ಸಾಕಾಗಿತ್ತು. ಯಾಕೆಂದರೆ ಮೇಲಿನಿಂದ ನೋಡುವವನು ಅಲ್ಲಾಹನೊಬ್ಬನೇ ಆಗಿದ್ದ. ಈಗ ಐದನೆಯ ಬದಿಯೊಂದು ತೆರೆದುಕೊಂಡಿದೆ. ಆ ಹೆಂಗಸಿಗೆ ತಲೆಯ ಮೇಲಿನ ಸದ್ದು ಕೇಳಿಸುತ್ತದೆ. ಕ್ಯಾಮೆರಾ ಕಂಬವನ್ನು ನೋಡುತ್ತಿದೆಯೋ ತನ್ನನ್ನು ನೋಡುತ್ತಿದೆಯೋ ಆಕೆಗೆ ತಿಳಿಯುವ ದಾರಿಯಿಲ್ಲ. ಹಾರಿಸುವವನ ಮನಸ್ಸು ಶುದ್ಧವಾಗಿದ್ದರೂ ಆಕೆಯ ಭಯ ಸುಳ್ಳಲ್ಲ. ಆ ಚಿತ್ರ ಸಂಗ್ರಹವಾಗಿ ಉಳಿಯುತ್ತದೆ ಎಂಬುದೂ ಸುಳ್ಳಲ್ಲ.

ಅನ್ನೂರ್ ಅಧ್ಯಾಯದಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ದಿನದ ಮೂರು ಹೊತ್ತಿನಲ್ಲಿ, ಎಂದರೆ ಮುಂಜಾನೆಯ ನಮಾಝ್‌ಗೆ ಮೊದಲು, ಮಧ್ಯಾಹ್ನ ಬಟ್ಟೆ ಸಡಿಲಿಸಿ ವಿಶ್ರಮಿಸುವಾಗ ಮತ್ತು ಇಶಾ ನಮಾಝ್‌ನ ನಂತರ, ಮನೆಯೊಳಗೇ ಓಡಾಡಿಕೊಂಡಿರುವ ಸೇವಕರೂ ಚಿಕ್ಕ ಮಕ್ಕಳೂ ಸಹ ಅನುಮತಿ ಕೇಳಿಯೇ ಕೋಣೆಗೆ ಬರಬೇಕು ಎಂದು ಅಲ್ಲಿ ಕಲಿಸಲಾಗಿದೆ. ಮನುಷ್ಯನಿಗೆ ಯಾರೂ ನೋಡದ ಕೆಲವು ಗಳಿಗೆಗಳು ಬೇಕು ಎಂಬ ತಿಳಿವಳಿಕೆ ಇದರ ಹಿಂದಿದೆ. ಇದು ಮನೆ ಇದ್ದವರಿಗಷ್ಟೇ ಇರುವ ಹಕ್ಕಲ್ಲ. ಸೈಟಿನ ಶೆಡ್ಡಿನಲ್ಲಿ ವಾಸಿಸುವವರಿಗೂ ಮುಂಜಾನೆ ಇದೆ, ಮಧ್ಯಾಹ್ನ ಇದೆ, ರಾತ್ರಿ ಇದೆ. ನಮ್ಮ ದೇಶದ ಕಾನೂನೂ ಬೇರೆ ಹೇಳುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆ ಹಕ್ಕು ಕಾಂಕ್ರೀಟ್ ಮನೆಯವರಿಗೆ ಇರುವಷ್ಟೇ ಟಾರ್ಪಾಲಿನ ಮರೆಯವರಿಗೂ ಇದೆ.

ಇಷ್ಟು ನೋಡುವವನ ಹಕ್ಕಿನ ಮಿತಿಯ ಮಾತಾಯಿತು. ಇದಕ್ಕಿಂತ ದೊಡ್ಡದು ನೋಡಿದ ಮೇಲಿನ ಹೊಣೆ. ಕುರ್‌ಆನ್‌ನ 83ನೇ ಅಧ್ಯಾಯಕ್ಕೆ ಅಲ್ ಮುತಫ್ಫಿಫೀನ್ ಎಂದು ಹೆಸರು. ಅಳತೆಯಲ್ಲಿ ವಂಚಿಸುವವರು ಎಂದು ಅರ್ಥ. ತಾವು ಪಡೆಯುವಾಗ ಪೂರ್ತಿ ಅಳೆದು ಪಡೆದು, ಇತರರಿಗೆ ಕೊಡುವಾಗ ಕಡಿಮೆ ಅಳೆಯುವವರಿಗೆ ಅಲ್ಲಿ ವಿನಾಶದ ಎಚ್ಚರಿಕೆಯಿದೆ. ಇಲ್ಲಿನ ಅಪರಾಧ ತಕ್ಕಡಿ ಇಲ್ಲದಿರುವುದಲ್ಲ. ತಕ್ಕಡಿ ಇದೆ, ಚೆನ್ನಾಗಿಯೇ ಇದೆ. ಆದರೆ ಅದು ಒಬ್ಬನ ಪರವಾಗಿ ಮಾತ್ರ ಸರಿಯಾಗಿ ತೂಗುತ್ತದೆ. ಡ್ರೋನ್ ನಮ್ಮ ಕಾಲದ ಅತ್ಯಂತ ಸೂಕ್ಷ್ಮವಾದ ತಕ್ಕಡಿ. ಅದು ಮಣ್ಣಿನ ರಾಶಿಯನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು ಮಾಲಕನ ಹಣ ಉಳಿಸುತ್ತದೆ. ಅದೇ ಚಿತ್ರದಲ್ಲಿ ಹೆಲ್ಮೆಟ್ ಇಲ್ಲದ ತಲೆಗಳಿವೆ, ಬದಿಗೆ ಆಧಾರವಿಲ್ಲದೆ ಅಗೆದ ಆಳದ ಗುಂಡಿಗಳಿವೆ, ತಡೆಬೇಲಿ ಇಲ್ಲದ ಹತ್ತನೇ ಮಹಡಿಯ ಅಂಚಿದೆ, ಸೆಂಟ್ರಿಂಗ್ ಕೆಳಗೆ ಆಡುವ ಮಗುವಿದೆ, ಶೌಚಾಲಯ ಇಲ್ಲದ ಶೆಡ್ಡುಗಳ ಸಾಲಿದೆ. ಇವು ಕಾಣಲಿಲ್ಲ ಎಂದು ಹೇಳಲು ಇನ್ನು ಸಾಧ್ಯವಿಲ್ಲ. ಕ್ಯಾಮೆರಾ ಎಲ್ಲವನ್ನೂ ಕಂಡಿದೆ. ವರದಿಯಲ್ಲಿ ಮಣ್ಣಿನ ಲೆಕ್ಕ ಮಾತ್ರ ಬಂದು ಮನುಷ್ಯನ ಲೆಕ್ಕ ಬಾರದಿದ್ದರೆ ಅದು ಕಣ್ಣಿನ ದೋಷವಲ್ಲ, ತಕ್ಕಡಿ ಹಿಡಿದವನ ದೋಷ.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯು ಕಾಮಗಾರಿಯ ಜಾಗದಲ್ಲಿ ಕುಡಿಯುವ ನೀರು, ಶೌಚಾಲಯ, ತಾತ್ಕಾಲಿಕ ವಸತಿ ಒದಗಿಸುವುದು ಮಾಲಕನ ಹೊಣೆ ಎಂದಿತ್ತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಕ್ಕಳ ಪಾಲನಾ ಕೋಣೆ ಇರಬೇಕು ಎಂದೂ ಹೇಳಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಈ ವಿಷಯಗಳು ಅವುಗಳ ವ್ಯಾಪ್ತಿಗೆ ಸೇರಿವೆ. ಕಾನೂನಿನ ಹೆಸರು ಬದಲಾಗಬಹುದು, ಪ್ರಶ್ನೆ ಬದಲಾಗಿಲ್ಲ. ಇದು ಪಾಲನೆಯಾಗುತ್ತಿದೆಯೇ ಎಂದು ನೋಡಲು ಈವರೆಗೆ ಇನ್‌ಸ್ಪೆಕ್ಟರ್‌ಗಳ ಕೊರತೆ ಎಂಬ ನೆಪವಿತ್ತು. ತಿಂಗಳಿಗೊಮ್ಮೆ ಸೈಟಿನ ಮೇಲೆ ಕಣ್ಣೊಂದು ಹಾರುತ್ತಿರುವಾಗ ಆ ನೆಪ ಎಷ್ಟು ದಿನ ನಡೆದೀತು? ಹೆದ್ದಾರಿ ಪ್ರಾಧಿಕಾರವು ಡ್ರೋನ್ ವೀಡಿಯೋಗಳನ್ನು ಕಡ್ಡಾಯ ಮಾಡಿದಾಗ, ಅವುಗಳನ್ನು ಶಾಶ್ವತವಾಗಿ ಕಾದಿರಿಸಿ ಮಧ್ಯಸ್ಥಿಕೆ ಮಂಡಳಿ ಮತ್ತು ನ್ಯಾಯಾಲಯಗಳಲ್ಲಿ ಸಾಕ್ಷ್ಯವಾಗಿ ಬಳಸಬಹುದು ಎಂದು ತಿಳಿಸಿತ್ತು. ಪ್ರಾಧಿಕಾರಕ್ಕೂ ಗುತ್ತಿಗೆದಾರನಿಗೂ ಹಣದ ತಕರಾರು ಬಂದಾಗ ಆಕಾಶದ ಕಣ್ಣು ಸಾಕ್ಷಿ ಹೇಳುತ್ತದೆ ಎಂದರ್ಥ. ಒಳ್ಳೆಯದು. ಆದರೆ ಗುಂಡಿ ಕುಸಿದು ಸತ್ತವನ ಹೆಂಡತಿ ಪರಿಹಾರ ಕೇಳಲು ಬಂದಾಗಲೂ ಅದೇ ಕಣ್ಣು ಆಕೆಯ ಪರವಾಗಿ ಸಾಕ್ಷಿ ಹೇಳುತ್ತದೆಯೇ? ಸಾಕ್ಷ್ಯವನ್ನು ಮುಚ್ಚಿಡುವುದು ಇಸ್ಲಾಮಿನಲ್ಲಿ ದೊಡ್ಡ ಪಾಪ. ಕಂಡವನು ಸಾಕ್ಷಿಯಾಗುತ್ತಾನೆ. ಬೇಕಾದಾಗ ಕಂಡೆ, ಬೇಡವಾದಾಗ ಕಾಣಲಿಲ್ಲ ಎನ್ನುವ ಆಯ್ಕೆ ಅವನಿಗಿಲ್ಲ.

ಕಣ್ಣಿನ ಕೊರತೆಯಿಂದಲೇ ಅನಾಹುತಗಳು ಆಗುತ್ತವೆ ಎಂಬುದೂ ಪೂರ್ತಿ ನಿಜವಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಕಟ್ಟಡವೊಂದು ನೆಲಕಚ್ಚಿ ಒಂಬತ್ತು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅನುಮತಿ ಇದ್ದುದಕ್ಕಿಂತ ಹೆಚ್ಚು ಮಹಡಿಗಳು ಅಲ್ಲಿ ಎದ್ದಿದ್ದವು. ಮಹಡಿಯ ಮೇಲೆ ಮಹಡಿ ಏರುವುದು ಗುಟ್ಟಿನ ಕೆಲಸವಲ್ಲ. ಬೀದಿಯಲ್ಲಿ ಹೋಗುವ ಪ್ರತಿಯೊಬ್ಬನ ಕಣ್ಣಿಗೂ ಅದು ಕಾಣುತ್ತದೆ. ನೋಡಲು ಡ್ರೋನ್ ಬೇಕಿರಲಿಲ್ಲ, ತಲೆಯೆತ್ತಿದರೆ ಸಾಕಿತ್ತು. ಕೊರತೆಯಿದ್ದದ್ದು ಕಂಡದ್ದನ್ನು ಹೊಣೆಯಾಗಿ ಸ್ವೀಕರಿಸುವ ಮನಸ್ಸಿನದ್ದು. ಈ ಮನಸ್ಸಿಲ್ಲದೆ ಎಷ್ಟು ಕ್ಯಾಮೆರಾ ಹಾರಿಸಿದರೂ ಕುಸಿಯುವ ಕಟ್ಟಡದ ಚಿತ್ರ ಹೆಚ್ಚು ಸ್ಪಷ್ಟವಾಗಿ ಸಿಗಬಹುದೇ ಹೊರತು ಕಟ್ಟಡ ನಿಲ್ಲದು.

ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದ ನೆನಪು ಇದನ್ನೇ ಇನ್ನೊಂದು ಬದಿಯಿಂದ ಹೇಳುತ್ತದೆ. 2023ರ ನವೆಂಬರ್ 12ರಂದು ನಿರ್ಮಾಣದಲ್ಲಿದ್ದ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಲುಕಿದರು. ದೊಡ್ಡ ಯಂತ್ರಗಳು ಬಂದವು. ರಕ್ಷಣಾ ಪೈಪಿನ ಒಳಗೆ ಏನಿದೆ ಎಂದು ನೋಡಲು ಬೆಂಗಳೂರಿನ ತಂತ್ರಜ್ಞರ ತಂಡವೊಂದು ಡ್ರೋನ್ ಕೂಡ ಒಯ್ದಿತ್ತು. ಆ ನೆರವು ಸಣ್ಣದಲ್ಲ. ಆದರೆ ಕೊರೆಯುವ ಯಂತ್ರ ಮುರಿದು ನಿಂತಾಗ ಕೊನೆಯ ಹತ್ತು ಹನ್ನೆರಡು ಮೀಟರ್ ಅವಶೇಷವನ್ನು ತೆವಳುತ್ತಾ ಹೋಗಿ ಕೈಯಿಂದ ಅಗೆದು ತೆಗೆದವರು, 'ಇಲಿ ಬಿಲ' ಗಣಿಗಾರರೆಂದು ಕರೆಯಲ್ಪಡುವ ಬಡ ಕೂಲಿಗಳು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ನವೆಂಬರ್ 28ರಂದು ಎಲ್ಲಾ 41 ಮಂದಿ ಜೀವಂತ ಹೊರಬಂದರು. ದೇಶವೇ ಆ ಗಣಿಗಾರರನ್ನು ಕೊಂಡಾಡಿತು. ಮೂರೇ ತಿಂಗಳಲ್ಲಿ, 2024ರ ಫೆಬ್ರವರಿ ಕೊನೆಯಲ್ಲಿ, ಅವರಲ್ಲಿ ಒಬ್ಬರ ಮನೆಯನ್ನು ದೆಹಲಿಯಲ್ಲಿ ಅತಿಕ್ರಮಣ ಎಂಬ ಕಾರಣಕ್ಕೆ ಅಭಿವೃದ್ಧಿ ಪ್ರಾಧಿಕಾರ ಕೆಡವಿತು. ನಕ್ಷೆಯಲ್ಲಿ ನೋಡಿದರೆ ಅದೊಂದು ಜಮೀನಿನ ತುಂಡು. ನೆಲದಲ್ಲಿ ನಿಂತು ನೋಡಿದರೆ ಒಂದು ಮನೆ, ಒಂದು ಸಂಸಾರ. ಎತ್ತರದಿಂದ ನೆಲ ಚೆನ್ನಾಗಿ ಕಾಣುತ್ತದೆ, ಮನುಷ್ಯ ಚಿಕ್ಕವನಾಗಿ ಕಾಣುತ್ತಾನೆ. ಎತ್ತರದ ಅಪಾಯವೇ ಇದು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಹಣ ಹಾಕಿದವನು ನಾನು, ಜಾಗ ನನ್ನದು, ನನ್ನ ಕೆಲಸ ನಾನು ನೋಡಿದರೆ ತಪ್ಪೇನು ಎಂಬುದು ಮೊದಲನೆಯದು. ತಪ್ಪಿಲ್ಲ. ಕೊಟ್ಟ ಹಣಕ್ಕೆ ಸರಿಯಾದ ಕೆಲಸ ಪಡೆಯುವುದು ಮಾಲಕನ ಹಕ್ಕು. ಒಪ್ಪಿಕೊಂಡ ಕೆಲಸವನ್ನು ನಿಷ್ಠೆಯಿಂದ ಮಾಡುವುದು ಕಾರ್ಮಿಕನ ಮೇಲಿನ ಅಮಾನತ್ತು. ಆದರೆ ಮಾಲಕ ಕೊಂಡಿರುವುದು ಕಾರ್ಮಿಕನ ಎಂಟು ಗಂಟೆಯ ದುಡಿಮೆಯನ್ನು, ಆತನ ಇಡೀ ಬದುಕನ್ನಲ್ಲ. ಹನ್ನೊಂದನೆಯ ಶತಮಾನದಲ್ಲಿ ಅಲ್ ಮಾವರ್ದಿ ಎಂಬ ವಿದ್ವಾಂಸರು ಮುಹ್ತಸಿಬ್‌ನ ಕರ್ತವ್ಯಗಳನ್ನು ವಿವರಿಸುವಾಗ, ಕೂಲಿ ಕಡಿತ ಮಾಡಿ ಅಥವಾ ಒಪ್ಪಂದಕ್ಕಿಂತ ಹೆಚ್ಚು ದುಡಿಸಿ ಕೆಲಸಗಾರನ ಮೇಲೆ ಅತಿಕ್ರಮ ಮಾಡುವ ಮಾಲಕನನ್ನು ತಡೆಯಬೇಕು ಎಂದೂ, ಕೆಲಸದಲ್ಲಿ ಕಳ್ಳತನ ಮಾಡುವ ಕೆಲಸಗಾರನನ್ನೂ ತಡೆಯಬೇಕು ಎಂದೂ ಒಟ್ಟಿಗೆ ಹೇಳಿದ್ದಾರೆ. ಮೇಲ್ವಿಚಾರಣೆಯ ಕಣ್ಣು ಎರಡೂ ಕಡೆ ತಿರುಗಬೇಕು ಎಂಬುದೇ ಅದರ ತಾತ್ಪರ್ಯ.

ಎರಡನೆಯದು ಧಾರ್ಮಿಕರಿಂದಲೇ ಬರುವ ಆಕ್ಷೇಪ. ಹೇಗಿದ್ದರೂ ಅಲ್ಲಾಹನು ಎಲ್ಲವನ್ನೂ ನೋಡುತ್ತಿರುವನಲ್ಲ, ಪ್ರಾಮಾಣಿಕನಿಗೆ ಕ್ಯಾಮೆರಾದ ಭಯವೇಕೆ? ಈ ಮಾತು ಕೇಳಲು ಚೆನ್ನಾಗಿದೆ, ಆದರೆ ಅದು ಯಂತ್ರವನ್ನು ದೇವನ ಸ್ಥಾನದಲ್ಲಿ ಇಡುತ್ತದೆ. ಸೃಷ್ಟಿಕರ್ತನು ಕೆಲಸಗಾರನನ್ನು ನೋಡುವಷ್ಟೇ ಮಾಲಕನನ್ನೂ ನೋಡುತ್ತಾನೆ. ಸೈಟನ್ನು ನೋಡುವಷ್ಟೇ ಹವಾನಿಯಂತ್ರಿತ ಕಚೇರಿಯನ್ನೂ ನೋಡುತ್ತಾನೆ. ಕೈಯನ್ನು ಮಾತ್ರವಲ್ಲ, ಮನಸ್ಸಿನ ಉದ್ದೇಶವನ್ನೂ ದೇಹದ ದಣಿವನ್ನೂ ಬಲ್ಲನು. ಎಲ್ಲಕ್ಕಿಂತ ಮುಖ್ಯವಾಗಿ, ಕಂಡ ಎಷ್ಟೋ ತಪ್ಪುಗಳನ್ನು ಮುಚ್ಚಿ ಕ್ಷಮಿಸುವ ಕರುಣಾಳು ಅವನು. ಡ್ರೋನಿಗೆ ಇವುಗಳಲ್ಲಿ ಒಂದೂ ಇಲ್ಲ. ದೇವನು ನೋಡುತ್ತಿದ್ದಾನೆ ಎಂಬ ಪ್ರಜ್ಞೆ ಮನುಷ್ಯನನ್ನು ಒಳಗಿನಿಂದ ನೆಟ್ಟಗಾಗಿಸುತ್ತದೆ. ಯಂತ್ರ ನೋಡುತ್ತಿದೆ ಎಂಬ ಪ್ರಜ್ಞೆ ಅದು ಹಾರುವ ತನಕ ಮಾತ್ರ ನೆಟ್ಟಗಾಗಿಸುತ್ತದೆ. ಸದ್ದು ದೂರವಾದೊಡನೆ ಎಲ್ಲವೂ ಮೊದಲಿನಂತೆಯೇ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಕ್ರಾಂತಿಯೇನೂ ಬೇಕಾಗಿಲ್ಲ. ಡ್ರೋನ್ ಯಾವ ದಿನ, ಯಾವ ಹೊತ್ತಿಗೆ ಹಾರುತ್ತದೆ ಎಂಬುದನ್ನು ಕೆಲಸಗಾರರಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಕನ್ನಡದಲ್ಲಿ, ಹಿಂದಿಯಲ್ಲಿ, ಬಂಗಾಳಿಯಲ್ಲಿ, ಮೊದಲೇ ಹೇಳಬೇಕು. ಶೆಡ್ಡುಗಳ ಮೇಲೆ ಹಾರಿಸಬಾರದು. ಹಾರುವ ದಾರಿಯನ್ನು ಹೇಗೂ ಮೊದಲೇ ಗೊತ್ತುಪಡಿಸುವುದರಿಂದ ಅಷ್ಟು ಜಾಗ ಬಿಡುವುದು ಕಷ್ಟವಲ್ಲ. ಸ್ನಾನದ ಮನೆಗೆ ಮೊದಲು ಮಾಡು ಹಾಕಿಸಬೇಕು. ಲಕ್ಷಾಂತರ ರೂಪಾಯಿಯ ಯಂತ್ರ ಕೊಳ್ಳುವವನಿಗೆ ನಾಲ್ಕು ತಗಡು ಭಾರವಾಗಲಾರದು. ಚಿತ್ರ ನೋಡಿ ಯಾರ ಕೂಲಿಯನ್ನೂ ಕಡಿಯುವ ಮೊದಲು ಆತನನ್ನು ಕರೆದು ಮಾತು ಕೇಳಬೇಕು. ಪ್ರತಿ ವರದಿಯಲ್ಲಿ ಮಣ್ಣು, ಕಾಂಕ್ರೀಟಿನ ಲೆಕ್ಕದ ಪಕ್ಕದಲ್ಲೇ ಸುರಕ್ಷತೆಯ ಲೆಕ್ಕವೂ ಇರಬೇಕು. ಅವಘಡವಾದರೆ ಆ ದಿನದ, ಅದರ ಹಿಂದಿನ ದಿನಗಳ ಚಿತ್ರಗಳು ಕಾರ್ಮಿಕನಿಗೂ ಆತನ ಮನೆಯವರಿಗೂ ಸಿಗಬೇಕು. ಕೆಲಸ ಮುಗಿದ ಮೇಲೆ ಜನರ ಮುಖವಿರುವ ಅನಗತ್ಯ ಚಿತ್ರಗಳನ್ನು ಅಳಿಸಬೇಕು.

ರಿಮೋಟ್ ಹಿಡಿದ ನಮ್ಮ ಯುವಕರಿಗೂ ಒಂದು ಮಾತು. ಹಣ ಕೊಟ್ಟವನು ಹೇಳಿದ್ದನ್ನು ಚಿತ್ರೀಕರಿಸುವುದು ನನ್ನ ಕೆಲಸ, ಉಳಿದದ್ದು ನನಗೆ ಸೇರಿದ್ದಲ್ಲ ಎನ್ನಬೇಡಿ. ಕಣ್ಣು ಯಂತ್ರದ್ದಾದರೂ ಅದನ್ನು ತಿರುಗಿಸುವ ಬೆರಳು ನಿಮ್ಮದು. ಹೆಂಗಸರಿರುವ ಕಡೆಯಿಂದ ಕ್ಯಾಮೆರಾ ತಿರುಗಿಸುವುದೂ, ಕುಸಿಯುವಂತಿರುವ ಗುಂಡಿ ಕಂಡರೆ ವರದಿಗೆ ಕಾಯದೆ ಅಲ್ಲಿಯೇ ಕೂಗಿ ಹೇಳುವುದೂ ನಿಮ್ಮ ಕಸುಬಿನ ಧರ್ಮ. ಈಜಿಪ್ಟಿನ ಆ ಮುಅದ್ದಿನ್ ಮಾಡಿದ ಪ್ರಮಾಣವನ್ನು ನಿಮ್ಮಿಂದ ಯಾರೂ ಕೇಳದಿರಬಹುದು. ನೀವೇ ಮಾಡಿಕೊಳ್ಳಬಹುದಲ್ಲ.

ಇದೆಲ್ಲ ದೊಡ್ಡ ಕಂಪೆನಿಗಳ ಮಾತು ಎಂದು ನಾವು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕರಾವಳಿಯ ಎಷ್ಟೋ ಮನೆಗಳು ಗಲ್ಫಿನ ದುಡಿಮೆಯಲ್ಲಿ ಎದ್ದವು. ಅಲ್ಲಿ ದುಡಿಯುವ ನಮ್ಮವರು ಬೇಸಗೆಯಲ್ಲಿ ಮಧ್ಯಾಹ್ನದ ವಿರಾಮ ಎಷ್ಟು ದೊಡ್ಡ ಅನುಗ್ರಹ ಎಂಬುದನ್ನು ಬಲ್ಲರು. ಅರಬ್ ಸಂಯುಕ್ತ ಸಂಸ್ಥಾನಗಳಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ದುಡಿಸುವಂತಿಲ್ಲ. ಅದೇ ನಮ್ಮವರು ಊರಿನಲ್ಲಿ ಮನೆ ಕಟ್ಟಿಸುವಾಗ ಮೊಬೈಲಿನ ಪರದೆಯಲ್ಲಿ ಸೈಟು ನೋಡುತ್ತಾ, 'ಇನ್ನೂ ಸ್ಲಾಬ್ ಆಗಿಲ್ಲವೇ, ಆ ಇಬ್ಬರು ಯಾಕೆ ನೆರಳಿನಲ್ಲಿ ಕುಳಿತಿದ್ದಾರೆ?' ಎಂದು ಮೇಸ್ತ್ರಿಗೆ ಫೋನು ಮಾಡುವುದುಂಟು. ಮಸೀದಿ, ಮದ್ರಸಾ, ಶಾದಿಮಹಲ್ ಕಟ್ಟಿಸುವ ಸಮಿತಿಗಳೂ ಕಾಮಗಾರಿಯ ಡ್ರೋನ್ ಚಿತ್ರವನ್ನು ಹೆಮ್ಮೆಯಿಂದ ಹಂಚುತ್ತವೆ. ಆ ಚಿತ್ರದಲ್ಲಿ ಗುಮ್ಮಟದ ಪಕ್ಕ ಹಗ್ಗವಿಲ್ಲದೆ ನಿಂತ ಮನುಷ್ಯನಿದ್ದಾನೆಯೇ ಎಂದು ನಾವು ಎಷ್ಟು ಮಂದಿ ನೋಡಿದ್ದೇವೆ? ಅಲ್ಲಾಹನ ಭವನ ಕಟ್ಟುವವನ ಪ್ರಾಣವೂ ಅಲ್ಲಾಹನ ಅಮಾನತ್ತು.

ಕಾಣುವ ಶಕ್ತಿ ಹೆಚ್ಚಿದಷ್ಟೂ ಕಾಣಲಿಲ್ಲ ಎಂದು ಹೇಳುವ ಅವಕಾಶ ಕಡಿಮೆಯಾಗುತ್ತದೆ. ನಮ್ಮ ಹಿರಿಯರು ಒಂದು ಗೋಡೆಯ ಆಚೆಗಿನದನ್ನು ಕಾಣದೆ ಹೋದರೆ ಅವರಿಗೆ ನೆಪವಿತ್ತು. ನಾಲ್ಕು ನೂರು ಅಡಿ ಮೇಲಿಂದ ನೋಡುವ ನಮಗೆ ಅದಿಲ್ಲ. ನಾಳೆ ಲೆಕ್ಕ ಕೇಳುವವನು ಎಷ್ಟು ಮಣ್ಣು ಅಳೆದೆ ಎಂದು ಕೇಳಲಾರ. ಆ ಮಣ್ಣಿನ ಪಕ್ಕದಲ್ಲಿ ನಿಂತಿದ್ದ ಮನುಷ್ಯ ನಿನಗೆ ಕಂಡನೇ ಎಂದು ಕೇಳುವನು.